ಅಕ್ಕಿಕಾಳು ಬಿತ್ತು, ಫ್ಲಾಶ್ ಬೀಳಲಿಲ್ಲ!

ಟಾಕೀಸಿನ ಗೋಡೆಯ ಗಾಜಿನ ಪೆಟ್ಟಿಗೆಯಲ್ಲಿ ಪಿನ್ನು ಚುಚ್ಚಿ ನಿಲ್ಲಿಸುತ್ತಿದ್ದ ಸ್ಟಿಲ್‌ಗಳು ನೆನಪಿವೆಯೇ, ಮಿತ್ರರೇ? ಟಿಕೀಟಿಗೆ ಕಾಸಿಲ್ಲದ ದಿನ ಅದೇ ನಮ್ಮ ಸಿನಿಮಾ! ನಾಯಕ ಮುಷ್ಟಿ ಎತ್ತಿದ್ದು ಒಂದು, ನಾಯಕಿ ಸೆರಗು ಕಚ್ಚಿ ಅತ್ತಿದ್ದು ಒಂದು, ಖಳನಾಯಕ ಗಹಗಹಿಸಿ ನಕ್ಕಿದ್ದು ಒಂದು... ಅಷ್ಟರ ಮೇಲೆ ಇಡೀ ಕಥೆಯನ್ನು ನಾವೇ ಕಟ್ಟಿಕೊಂಡು ಮನೆಗೆ ಹೋಗ್ತಿದ್ವಿ. ನನ್ನ ಗೆಳೆಯರೆಲ್ಲ ಸ್ಟಿಲ್ಲಿನಲ್ಲಿದ್ದ ಹೀರೋ ಆಗಬೇಕು ಅಂತಿದ್ರು. ನನಗೋ, ಆ ಸ್ಟಿಲ್ ತೆಗೆದ ಮನುಷ್ಯ ಆಗಬೇಕೆನ್ನುವ ಹುಚ್ಚು.

ಆ ಹುಚ್ಚು ನನ್ನನ್ನು ಗಾಂಧಿನಗರಕ್ಕೆ ಒಯ್ಯಲಿಲ್ಲ, ರೋಣದಲ್ಲೇ ಕೂರಿಸಿತು. 1922ರಲ್ಲಿ ಭೀಮಸೇನ ಜೋಶಿಯವರು ಹುಟ್ಟಿದ ಊರು ನಮ್ಮದು. ಅವರು ಊರು ಬಿಟ್ಟು ದೊಡ್ಡವರಾದರು. ನಾನು ಊರು ಬಿಡದೆ ಲಗ್ನದ ಫೋಟೋಗ್ರಾಫರ್ ಆದೆ! ರೋಣ, ನರಗುಂದ, ಗಜೇಂದ್ರಗಡ... ಇಷ್ಟೇ ನನ್ನ ರಾಜ್ಯ. ಲಗ್ನ, ಕುಬಸ, ಜಾತ್ರೆ, ಸಾಲಿ ಗ್ಯಾದರಿಂಗು, ಅಭಿಮಾನಿ ಸಂಘದವರ ಹುಟ್ಟುಹಬ್ಬ—ಯಾರು ಕರೆದರೂ ಬ್ಯಾಗು ಹೆಗಲಿಗೇರಿಸಿ ಬಸ್ಸು ಹತ್ತೋದು. ಈಗ ಹೇಳಹೊರಟಿರೋದು ಆ ಬ್ಯಾಗಿನೊಳಗಿನ ಒಂದು ಸಣ್ಣ ಸಾಮಾನಿನ ಕಥೆ. ಕ್ಯಾಮೆರಾದ ತಲೆಯ ಮೇಲೆ ಕೂತು ಮಿಂಚು ಹೊಡೆಯುವ ಫ್ಲಾಶಿನ ಕಥೆ. ಕ್ಯಾಮೆರಾ ಹಿಡಿದು ನಾಲ್ಕು ಕಾಸು ಸಂಪಾದಿಸೋಣ ಅಂತ ಹೊರಟ ತಮ್ಮಂದಿರು ನಿಮ್ಮಲ್ಲಿ ಇದ್ದೇ ಇದ್ದೀರಿ. ಸಾಲ ಮಾಡಿ ಅಂಗಡಿಗೆ ಓಡೋ ಮೊದಲು ಇದನ್ನೊಂದಿಷ್ಟು ಕೇಳಿ.

ನರಗುಂದದ ಹಂದರ

2018ರ ಮೇ ತಿಂಗಳು. ನರಗುಂದದಲ್ಲಿ ಲಗ್ನ. ಗುಡ್ಡದ ಕಡೆಯಿಂದ ಬಿಸಿಗಾಳಿ, ಮನೆ ಮುಂದೆ ಕೆಂಪು-ಹಳದಿ ಬಟ್ಟೆಯ ದೊಡ್ಡ ಹಂದರ. ಹುಡುಗಿಯ ಅಪ್ಪ ಒಕ್ಕಲುತನದ ಮನುಷ್ಯ. ತಲೆಯ ಮೇಲೆ ಅಚ್ಚ ಬಿಳಿ ರುಮಾಲು. ಬೆಳಿಗ್ಗೆಯೇ ನನ್ನ ಕೈ ಹಿಡಿದು ಹೇಳಿದ್ರು: "ತಮ್ಮಾ, ಮಗಳ ಕೂಡ ನಂದೊಂದು ಚೊಲೋ ಫೋಟೋ ಆಗಬೇಕ ನೋಡು." ಹೂಂ ಅಂದೆ. ನೂರು ಜನ ನೂರು ಸಲ ಹೇಳೋ ಮಾತು ಅದು.

ನನ್ನ ಆಯುಧಗಳ ಪಟ್ಟಿ ಕೇಳಿ. ಸೆಕೆಂಡ್ ಹ್ಯಾಂಡ್ ಡಿಜಿಟಲ್ ಕ್ಯಾಮೆರಾ ಒಂದು. ಅದಕ್ಕಿಂತ ಹಳೇ ಫ್ಲಾಶ್ ಒಂದು. ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಪೆನ್ಸಿಲ್ ಶೆಲ್ಲು ನಾಲ್ಕು. ಐಎಸ್‌ಒ 100, ಅಪರ್ಚರ್ ಎಫ್ 8, ಶಟರ್ 1/60, ಫ್ಲಾಶ್ ಪೂರ್ತಿ ಪವರ್‌ನಲ್ಲಿ. ಕೆಲಸ ಕಲಿತ ದಿನದಿಂದ ಅದೇ ಮಂತ್ರ. ಎಲ್ಲಾ ಶಾರ್ಪ್ ಬರ್ತದ, ಯಾಕೆ ಬದಲಿಸಬೇಕು?

ಸುರಗಿ, ಅರಿಷಿಣ, ಬೀಗರ ಭೇಟಿ... ಮುಂಜಾನೆಯಿಂದ ಇನ್ನೂರು ಸಲ ಮಿಂಚು ಹೊಡೆದಾಗಿತ್ತು. ಅಕ್ಕಿಕಾಳಿನ ಹೊತ್ತು ಬಂತು. ಬ್ಯಾಂಡಿನವರು ಜೋರು ಮಾಡಿದ್ರು. ಹಂದರದ ತುಂಬ ಕೈಗಳೆದ್ದವು, ಅಕ್ಕಿ ಹಾರಿತು. ಅಷ್ಟರಲ್ಲಿ ಆ ಯಜಮಾನರು ಗುಂಪು ಸರಿಸಿಕೊಂಡು ಮುಂದೆ ಬಂದು, ಎರಡೂ ಕೈಯನ್ನು ಮಗಳ ತಲೆಯ ಮೇಲಿಟ್ಟರು. ನಾನು ಒತ್ತಿದೆ.

ಫ್ಲಾಶ್ ಬೀಳಲಿಲ್ಲ!

ಒಳಗಿನಿಂದ 'ಕುಂಯ್...' ಅಂತ ಸಣ್ಣ ಸಿಳ್ಳು. ಬೆನ್ನ ಮೇಲಿನ ರೆಡಿ ದೀಪ ಹತ್ತಲೇ ಇಲ್ಲ. ಇನ್ನೊಮ್ಮೆ ಒತ್ತಿದೆ, ಮತ್ತೆ ಕತ್ತಲೆ. ಎಂಟು ಸೆಕೆಂಡು, ಹತ್ತು ಸೆಕೆಂಡು... ದೀಪ ಹತ್ತೋ ಹೊತ್ತಿಗೆ ಅವರು ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡು ಗುಂಪಿನೊಳಗೆ ಹೋಗಿಬಿಟ್ಟಿದ್ರು.

ಪಕ್ಕದಲ್ಲಿದ್ದ ಹುಡುಗನೊಬ್ಬ ಕೇಳಿದ: "ಯಾಕಣ್ಣಾ, ಲೈಟ್ ಬೀಳಲಿಲ್ಲಲ್ಲ?"

"ಬಿತ್ತು, ನೀ ನೋಡಲಿಲ್ಲ" ಅಂದೆ.

ಆಲ್ಬಂ ಕೊಟ್ಟೆ. ಯಾರೂ ಏನೂ ಅನ್ನಲಿಲ್ಲ. ಬಚಾವಾದೆ ಅಂದ್ಕೊಂಡೆ. ಶ್ರಾವಣ ಕಳೆಯುವುದರೊಳಗೆ ಸುದ್ದಿ ಬಂತು. ಹೊಲದಲ್ಲಿದ್ದಾಗಲೇ ಎದೆನೋವು ಬಂದು ಯಜಮಾನರು ತೀರಿಕೊಂಡಿದ್ರು. ಅವರ ಹೆಂಡತಿ ಮತ್ತು ಮಗ ರೋಣಕ್ಕೆ ನನ್ನ ಅಂಗಡಿಗೇ ಬಂದರು. ಮಗನ ಮುಖ ನೋಡಿ ಗಾಬರಿಯಾದೆ. ಹಂದರದಲ್ಲಿ ಲೈಟ್ ಬೀಳಲಿಲ್ಲ ಅಂದಿದ್ದ ಹುಡುಗ ಅವನೇ!

ತಾಯಿ ಅಂದರು: "ಅಕ್ಕಿಕಾಳು ಹಾಕೂ ಮುಂದ ಅವರು ಮಗಳ ತಲಿ ಮ್ಯಾಲೆ ಕೈ ಇಟ್ಟಿದ್ರಲ್ಲಪಾ, ಅದೊಂದ ಬೇಕಾಗಿತ್ತು."

"ಹುಡುಕ್ತೀನ್ರೀ ಅವ್ವಾರ" ಅಂದೆ. ಹುಡುಕೋದೇನು ಬಂತು? ಆ ಫ್ರೇಮು ಕಪ್ಪಗಿದೆ ಅಂತ ನನಗೆ ಗೊತ್ತಿತ್ತು.

ಗುರುಗಳು ಹಾಕಿದ ಲೆಕ್ಕ

ಮರುವಾರವೇ ಸಾಲ ಎತ್ತಿ ಹುಬ್ಬಳ್ಳಿಗೆ ಹೊರಟೆ. ಅಂಗಡಿಯಲ್ಲಿರೋ ಎಲ್ಲಕ್ಕಿಂತ ದೊಡ್ಡ ಫ್ಲಾಶ್ ತರೋದೇ ಸೈ! ನಡುವೆ ಗದಗಿನಲ್ಲಿ ಇಳಿದೆ. ನನಗೆ ಕತ್ತಲೆ ಕೋಣೆಯ ಕೆಲಸ ಕಲಿಸಿದ ಗುರುಗಳು ಅಲ್ಲಿದ್ದಾರೆ. ಒಂದು ಫೋಟೋಕ್ಕೆ ಒಂದು ಬಲ್ಬು ಸುಟ್ಟುಹೋಗ್ತಿದ್ದ ಕಾಲದಿಂದ ಬಂದವರು. ಒಂದು ಲಗ್ನಕ್ಕೆ ಇಪ್ಪತ್ತು ಬಲ್ಬು ಒಯ್ದರೆ ಇಪ್ಪತ್ತೇ ಫೋಟೋ! ಕಥೆ ಕೇಳಿದವರು ನಗಲಿಲ್ಲ, ಬೈಯಲೂ ಇಲ್ಲ. "ಸತ್ತಿದ್ದು ಫ್ಲಾಶ್ ಅಲ್ಲೋ, ಶೆಲ್ಲು" ಅಂದರು.

ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳ್ತೀನಿ. ಫ್ಲಾಶಿನೊಳಗೆ ಕೆಪಾಸಿಟರ್ ಅಂತ ಒಂದು ಡಬ್ಬಿ ಇರ್ತದೆ. ನೀರಿನ ಹಂಡೆ ಅಂದುಕೊಳ್ಳಿ. ನಾಲ್ಕು ಶೆಲ್ಲಿನ ಆರು ವೋಲ್ಟನ್ನು ಮುನ್ನೂರರ ಆಸುಪಾಸಿಗೆ ಏರಿಸಿ ಆ ಹಂಡೆ ತುಂಬಬೇಕು. ಕುಂಯ್ ಅನ್ನೋ ಸಿಳ್ಳು ಆ ತುಂಬುವ ಸದ್ದೇ. ನೀವು ಬಟನ್ ಒತ್ತಿದಾಗ ಹಂಡೆ ಒಮ್ಮೆಲೇ ಝೆನಾನ್ ಅನಿಲದ ಕೊಳವೆಯಲ್ಲಿ ಬರಿದಾಗ್ತದೆ. ಅದೇ ಮಿಂಚು. ಪೂರ್ತಿ ಪವರ್ ಅಂದರೆ ಪ್ರತಿ ಸಲವೂ ಪೂರ್ತಿ ಹಂಡೆ ಬರಿದು. ಶೆಲ್ಲು ಹೊಸದಿದ್ದಾಗ ಮೂರ್ನಾಲ್ಕು ಸೆಕೆಂಡಿಗೆ ತುಂಬೋದು, ಶೆಲ್ಲು ದಣಿದಂತೆ ಹತ್ತು ಸೆಕೆಂಡಾದರೂ ತುಂಬೋದಿಲ್ಲ. ನಿಮ್ಮ ಹಂಡೆ ತುಂಬಲಿ ಅಂತ ಮುಹೂರ್ತ ಕಾಯ್ತದೇನು? (ಒಂದು ಎಚ್ಚರಿಕೆ: ಕುತೂಹಲಕ್ಕೆ ಸ್ಕ್ರೂಡ್ರೈವರ್ ಹಿಡಿದು ಫ್ಲಾಶ್ ಬಿಚ್ಚಬೇಡಿ. ಶೆಲ್ಲು ತೆಗೆದ ಮೇಲೂ ಆ ಹಂಡೆಯೊಳಗೆ ಕರೆಂಟು ಉಳಿದಿರ್ತದೆ. ಪ್ರಾಣಕ್ಕೇ ಬಂದೀತು.)

ಆಮೇಲೆ ಒಂದು ಹಳೇ ಕವರಿನ ಬೆನ್ನ ಮೇಲೆ ಗುರುಗಳು ಲೆಕ್ಕ ಬರೆದರು. ಫ್ಲಾಶಿನ ಶಕ್ತಿಗೆ ಗೈಡ್ ನಂಬರ್ ಅಂತಾರೆ. ಅದನ್ನು ಅಪರ್ಚರ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಎಷ್ಟು ಮೀಟರ್ ಮುಟ್ಟುತ್ತದೆ ಅನ್ನೋದು ಸಿಗ್ತದೆ. ನನ್ನದು 36. ಎಫ್ 8ಕ್ಕೆ ಭಾಗಿಸಿದರೆ ನಾಲ್ಕೂವರೆ ಮೀಟರ್. ಅಂದರೆ ಹಂದರದಲ್ಲಿ ನಾನು ನಿಲ್ಲೋ ದೂರಕ್ಕೆ ಹಂಡೆ ಪೂರ್ತಿ ಬರಿದಾಗಲೇಬೇಕು! ಅದೇ ಐಎಸ್‌ಒ ನೂರರಿಂದ ಎಂಟುನೂರಕ್ಕೆ ಏರಿಸಿದರೆ ಮೂರು ಸ್ಟಾಪ್, ಎಫ್ 8ರಿಂದ 5.6ಕ್ಕೆ ತೆರೆದರೆ ಇನ್ನೊಂದು. ಒಟ್ಟು ನಾಲ್ಕು ಸ್ಟಾಪ್. ಪ್ರತಿ ಸ್ಟಾಪಿಗೂ ಬೇಕಾದ ಬೆಳಕು ಅರ್ಧಕ್ಕೆ ಇಳಿಯುತ್ತದೆ. ನಾಲ್ಕು ಸಲ ಅರ್ಧ ಮಾಡಿದರೆ ಹದಿನಾರರಲ್ಲಿ ಒಂದು ಪಾಲು! ಹಂಡೆಯಿಂದ ಒಂದು ತಂಬಿಗೆ ತೆಗೆದಂತೆ. ಕಣ್ಣು ಮಿಟುಕಿಸೋದರೊಳಗೆ ಮತ್ತೆ ತುಂಬ್ತದೆ. ಮೇಲೊಂದು ಲಾಭವೂ ಉಂಟು. ಪವರ್ ಕಡಿಮೆಯಾದಷ್ಟೂ ಮಿಂಚಿನ ಅವಧಿ ಚಿಕ್ಕದು, ಹಾರೋ ಅಕ್ಕಿಕಾಳು ಗಾಳಿಯಲ್ಲೇ ನಿಂತಂತೆ ಬರ್ತದೆ.

ಕೊನೆಗೆ ಗುರುಗಳು ಒಂದು ಮಾತು ಅಂದರು. ಇವತ್ತಿಗೂ ಎದೆಯಲ್ಲಿ ಚುಚ್ಚುತ್ತದೆ. "ಹಗಲ ಹೊತ್ತಿನ ಹಂದರ. ನೀ ಎಂಟನೂರು ಇಟ್ಟು ಐದು ಪಾಯಿಂಟ್ ಆರಕ್ಕ ತಗದಿದ್ದಿ ಅಂದ್ರ, ಫ್ಲಾಶ್ ಬೀಳದಿದ್ರೂ ಫೋಟೋ ಬರ್ತಿತ್ತಲ್ಲೋ."

ಒಂದು ರೂಪಾಯಿ ಖರ್ಚಿಲ್ಲದೆ!

ಹುಬ್ಬಳ್ಳಿಗೆ ಹೋಗಲಿಲ್ಲ. ಸಾಲದ ದುಡ್ಡು ವಾಪಸು ಕೊಟ್ಟೆ.

ಮೊದಲ ಖರೀದಿ: ಎಂಟು ಶೆಲ್ಲು

ಹಾಗಾದರೆ ಏನೂ ಕೊಳ್ಳಲೇಬೇಡ ಅಂತೀಯಾ? ಅಲ್ಲ. ಸರತಿ ತಪ್ಪಬೇಡಿ ಅಂತೀನಿ. ಮೊದಲು ತಗೊಂಡಿದ್ದು ಮರಳಿ ಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಶೆಲ್ಲು ಎಂಟು, ಒಳ್ಳೇ ಚಾರ್ಜರ್ ಒಂದು. ಎನೆಲೂಪ್ ಅಂತ ಸಿಗ್ತದಲ್ಲ, ಆ ಜಾತಿ. ಬರೆದಿರೋದು 1.2 ವೋಲ್ಟು, ಸಾಮಾನ್ಯ ಶೆಲ್ಲಿನ 1.5ಕ್ಕಿಂತ ಕಡಿಮೆ. ನೋಡಿ ಮೋಸಹೋಗಬೇಡಿ! ಫ್ಲಾಶಿಗೆ ಬೇಕಾದ್ದು ಒಮ್ಮೆಲೇ ಸುರಿಯೋ ಕರೆಂಟು. ಸಾಮಾನ್ಯ ಶೆಲ್ಲು ಹಾಗೆ ಸುರಿಯಲಾರದೆ ಏದುಸಿರು ಬಿಡ್ತದೆ, ಇದು ಬಿಡೋದಿಲ್ಲ. ನಾಲ್ಕು ಫ್ಲಾಶಿನಲ್ಲಿ, ನಾಲ್ಕು ಕಿಸೆಯಲ್ಲಿ. ಮುಹೂರ್ತಕ್ಕೆ ಹತ್ತು ನಿಮಿಷ ಮೊದಲು, ಹಳೇದು ಎಷ್ಟೇ ಚೆನ್ನಾಗಿದ್ದರೂ ಸರಿ, ಬದಲಿಸೋದೇ. ಹೊಸದು-ಹಳೇದು ಬೆರೆಸಬಾರದು. ನಾಲ್ಕೂ ಒಟ್ಟಿಗೇ ಹೋಗಬೇಕು, ಒಟ್ಟಿಗೇ ಬರಬೇಕು. ಅದಕ್ಕೇ ನನ್ನ ಶೆಲ್ಲಿನ ಮೇಲೆ ಕೆಂಪು ಪೇಂಟಿನ ಚುಕ್ಕಿ ಒಂದು ಜೋಡಿಗೆ, ಹಸಿರು ಇನ್ನೊಂದಕ್ಕೆ.

ಎರಡನೆಯ ಸುಧಾರಣೆಗೂ ದುಡ್ಡು ಬೇಕಿಲ್ಲ. ಫ್ಲಾಶಿನ ಮುಖ ತಿರುಗಿಸಿ! ನೇರ ಹೊಡೆದ ಬೆಳಕು ಮುಖದ ಬೆವರು, ಮೂಗಿನ ತುದಿ, ಮದುಮಕ್ಕಳ ಹಣೆಯ ಬಾಸಿಂಗ ಎಲ್ಲಕ್ಕೂ ಬಡಿದು ಬೆಳ್ಳನೆ ಮಿಂಚ್ತದೆ. ಹಿಂದೆ ಗೋಡೆಯ ಮೇಲೆ ಕಪ್ಪು ದೆವ್ವದಂಥ ನೆರಳು. ಅದೇ ಬೆಳಕನ್ನು ಬಿಳಿ ಸೂರಿಗೋ ಬಿಳಿ ಗೋಡೆಗೋ ಹೊಡೆದು ವಾಪಸು ತನ್ನಿ, ಹಾಲು ಚೆಲ್ಲಿದ ಹಾಗೆ ಮೆತ್ತಗೆ ಹರಡ್ತದೆ.

ಸಿನಿಮಾದವರಿಗೆ ಇದು ಹೊಸದಲ್ಲ. ಸತ್ಯಜಿತ್ ರಾಯ್ ಅವರ 'ಅಪರಾಜಿತೊ' (1956) ಚಿತ್ರಕ್ಕೆ ಕಾಶಿಯ ಮನೆಯನ್ನು ಸ್ಟುಡಿಯೋದೊಳಗೆ ಕಟ್ಟಿದಾಗ, ಛಾಯಾಗ್ರಾಹಕ ಸುಬ್ರತ ಮಿತ್ರ ಅಂಗಳದ ಮೇಲೆ ಬಿಳಿ ಬಟ್ಟೆ ಎಳೆದು ಕಟ್ಟಿ, ಕೆಳಗಿನಿಂದ ಅದಕ್ಕೆ ದೀಪ ಹೊಡೆದು ಹಗಲಿನ ಬೆಳಕು ತಂದರು. ಬಟ್ಟೆ! ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರ ಕಥೆ ಇನ್ನೂ ರೋಚಕ. ಗುರುದತ್ತರ 'ಕಾಗಜ್ ಕೆ ಫೂಲ್' (1959) ಚಿತ್ರದಲ್ಲಿ ಖಾಲಿ ಸ್ಟುಡಿಯೋದ ಕತ್ತಲೆಯೊಳಗೆ ಬೆಳಕಿನ ಕಂಬವೊಂದು ಇಳಿದು ಬರ್ತದಲ್ಲ, ಅದಕ್ಕೆ ಮೂರ್ತಿಯವರು ಬಳಸಿದ್ದು ಎರಡು ಕನ್ನಡಿ ಮತ್ತು ಹೊರಗಿನ ಬಿಸಿಲು. ಒಂದು ಕನ್ನಡಿ ಬಿಸಿಲನ್ನು ಒಳಗೆ ತಳ್ಳಿತು, ಇನ್ನೊಂದು ಅದನ್ನು ಕೆಳಗೆ ಇಳಿಸಿತು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರದ ಅಮರ ದೃಶ್ಯಕ್ಕೆ ಕನ್ನಡಿಗನ ಎರಡು ಕನ್ನಡಿ! 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ.

ನಮಗೆ ಸ್ಟುಡಿಯೋ ಎಲ್ಲಿಂದ ಬರಬೇಕು? ಲಗ್ನಪತ್ರಿಕೆಯ ಬಿಳಿ ಬೆನ್ನನ್ನೇ ರಬ್ಬರ್ ಬ್ಯಾಂಡಿನಿಂದ ಫ್ಲಾಶಿನ ತಲೆಗೆ ಕಟ್ಟಿ, ಮುಖ ಮೇಲಕ್ಕೆ ತಿರುಗಿಸಿದೆ. ಥರ್ಮಾಕೋಲ್ ಹಾಳೆ ಹಿಡಿಯೋಕೆ ಒಬ್ಬ ಹುಡುಗನನ್ನು ನಿಲ್ಲಿಸಿದೆ. ನಮ್ಮ ಕಡೆ ಇನ್ನೊಂದು ಅನುಕೂಲ ಉಂಟು. ಹಿರೇರೆಲ್ಲ ಬಿಳಿ ಧೋತರ, ಬಿಳಿ ಅಂಗಿ. ನಾಲ್ಕು ಮಂದಿ ಯಜಮಾನರು ಸಾಲಾಗಿ ಕೂತರೆ ಅದೇ ಒಂದು ಗೋಡೆ! ಆದರೆ ಕೆಂಪು ಹಂದರದ ಬಟ್ಟೆಗೆ ಮಾತ್ರ ಹೊಡೆಯಬೇಡಿ. ಬೆಳಕು ಬಟ್ಟೆಯ ಬಣ್ಣ ಹೊತ್ತುಕೊಂಡೇ ಬರ್ತದೆ, ವರ ಟೊಮೇಟೊ ಆಗ್ತಾನೆ. ಆಗ ನೇರ ಹೊಡೆಯೋದೇ ಮೇಲು, ಕಡಿಮೆ ಪವರಿನಲ್ಲಿ.

ಅಂಗಡಿಯ ಮೆಟ್ಟಿಲು

ವರ್ಷ ಕಳೆದ ಮೇಲೆ, ಕೈಯಲ್ಲಿ ನನ್ನದೇ ದುಡ್ಡು ಕೂಡಿದಾಗ, ಅಂಗಡಿಗೆ ಹೋದೆ. ಕ್ಯಾಮೆರಾ ಕಂಪನಿಯವರದೇ ಫ್ಲಾಶ್ ಕೇಳಿ ಬೆವತು ಹೊರಗೆ ಬಂದೆ. ಕೊನೆಗೆ ತಂದಿದ್ದು ಗೋಡಾಕ್ಸ್ ಟಿಟಿ 600. ಐದು ಸಾವಿರ ಚಿಲ್ಲರೆ ಕೊಟ್ಟೆ. ಪೂರ್ತಿ ಕೈಯಿಂದಲೇ ನಡೆಸೋದು, ತಾನಾಗಿ ಬೆಳಕು ಅಳೆಯೋ ಟಿಟಿಎಲ್ ಇಲ್ಲ. ನನಗೆ ಅದೇ ಬೇಕಿತ್ತು. ಟಿಟಿಎಲ್ ಜಾಣ ಹೌದು, ಆದರೆ ಬಿಳಿ ಧೋತರದ ಗುಂಪು ಕಂಡರೆ ಬೆಳಕು ಜಾಸ್ತಿಯಾಯ್ತು ಅಂತ ಹೆದರಿ ಕಡಿಮೆ ಮಾಡಿಬಿಡ್ತದೆ. ಸ್ಟೇಜಿನ ಮೇಲೆ ಮದುಮಕ್ಕಳು ಕೂತ ಜಾಗ ಬದಲಾಗೋದಿಲ್ಲ, ನಾನು ನಿಂತ ಜಾಗವೂ ಬದಲಾಗೋದಿಲ್ಲ. ಒಮ್ಮೆ ಕೈಯಿಂದ ಹೊಂದಿಸಿದರೆ ಸಂಜೆತನಕ ಒಂದೇ ಬೆಳಕು.

ಅಂಗಡಿಯವನು "ಗೈಡ್ ನಂಬರ್ ಅರವತ್ತು ಸಾರ್, ನಿಮ್ಮದು ಮೂವತ್ತಾರು!" ಅಂತ ಕುಣಿದ. ಆ ಅರವತ್ತು, ತಲೆಯನ್ನು 200 ಎಂಎಂ ಜೂಮಿಗೆ ಎಳೆದು ಬೆಳಕನ್ನು ಸಣ್ಣ ಕೊಳವೆ ಮಾಡಿದಾಗಿನ ಸಂಖ್ಯೆ. ಇಡೀ ಗುಂಪಿಗೆ ಹರಡಿದಾಗ ಅದು ಎಷ್ಟೋ ಕೆಳಗಿಳೀತದೆ. ಹೋಲಿಸೋದಾದರೆ ಒಂದೇ ಅಗಲದಲ್ಲಿ ಹೋಲಿಸಬೇಕು. ನಾನು ಕೊಂಡಿದ್ದು ಆ ಅರವತ್ತಕ್ಕಲ್ಲ. ಅದರೊಳಗೇ ರೇಡಿಯೋ ಇದೆ. ಅಂಥವೇ ಎರಡಿದ್ದರೆ ಒಂದು ಕ್ಯಾಮೆರಾ ಮೇಲೆ ಯಜಮಾನ, ಇನ್ನೊಂದು ದೂರದಲ್ಲಿ ಆಳು. ತಂತಿ ಬೇಡ, ಬೇರೆ ಟ್ರಿಗರ್ ಬೇಡ. ಎರಡನೆಯದನ್ನು ಮುಂದಿನ ವರ್ಷ ಹಳೇದೇ ಕೊಂಡೆ. ಹಳೇದು ಕೊಳ್ಳೋವಾಗ ಶೆಲ್ಲಿನ ಮನೆ ಬಿಚ್ಚಿ ನೋಡಿ, ಹಸಿರು-ಬಿಳಿ ತುಕ್ಕು ಇದ್ದರೆ ನಮಸ್ಕಾರ ಹೇಳಿ. ಕೊಳವೆ ಕಪ್ಪಾಗಿದೆಯೋ ನೋಡಿ. ಪೂರ್ತಿ ಪವರಿನಲ್ಲಿ ಹತ್ತು ಸಲ, ನಡುವೆ ಬಿಡುವು ಕೊಟ್ಟು, ಹೊಡೆಸಿ ನೋಡಿ. ಮಾರೋವನು ಬೇಡ ಅಂದರೆ ನೀವೂ ಬೇಡ ಅನ್ನಿ.

ಗುರುಗಳು ಪ್ರೀತಿಯಿಂದ ತಮ್ಮ ಹಳೇ ವಿವಿಟಾರ್ 283 ಕೊಡೋಕೆ ಬಂದರು. ಫಿಲಂ ಕಾಲದ ಗಟ್ಟಿ ಕುಳ ಅದು! ಆದರೆ ಆ ಮಾದರಿಯ ಹಳೇ ಪ್ರತಿಗಳಲ್ಲಿ ಕ್ಯಾಮೆರಾ ಮುಟ್ಟುವ ಜಾಗದಲ್ಲೇ ಇನ್ನೂರು ವೋಲ್ಟಿನ ಮೇಲೆ ಇರೋದುಂಟು. ಡಿಜಿಟಲ್ ಕ್ಯಾಮೆರಾದ ಕೂಡ ಕೂರಿಸಿದರೆ ಒಳಗಿನ ಸರ್ಕ್ಯೂಟ್ ಸುಟ್ಟೀತು. ಈಗ ಅದು ನನ್ನ ಅಂಗಡಿಯ ಕಪಾಟಿನಲ್ಲಿ ದೇವರ ಹಾಗೆ ಕೂತಿದೆ. ಧೂಪ ಹಾಕ್ತೀನಿ, ಮುಟ್ಟೋದಿಲ್ಲ.

ಗಜೇಂದ್ರಗಡದ ಗಾಳಿ

2022ರ ಮಾರ್ಚ್ 17. ಅಪ್ಪು ನಮ್ಮನ್ನು ಬಿಟ್ಟು ಹೋದದ್ದು ಅದರ ಹಿಂದಿನ ಅಕ್ಟೋಬರ್ 29ಕ್ಕೆ. ಅವರಿಲ್ಲದ ಮೊದಲ ಹುಟ್ಟುಹಬ್ಬ ಅದು, 'ಜೇಮ್ಸ್' ತೆರೆಗೆ ಬಂದ ದಿನವೂ ಅದೇ. ಗಜೇಂದ್ರಗಡದ ಹುಡುಗರು ಬಯಲಿನಲ್ಲಿ ಎತ್ತರದ ಕಟೌಟ್ ನಿಲ್ಲಿಸಿ, ರಾತ್ರಿ ಹಾರ ಹಾಕಿ ಅನ್ನಸಂತರ್ಪಣೆ ಇಟ್ಟಿದ್ರು. ನನ್ನನ್ನು ಕರೆಸಿದ್ರು. "ಅಣ್ಣಾ, ಅಪ್ಪುನೂ ಕಾಣಬೇಕು, ನಾವೂ ಕಾಣಬೇಕು" ಅನ್ನೋದಷ್ಟೇ ಅವರ ಬೇಡಿಕೆ.

ಅಷ್ಟೇ ಅಂದ್ರೆ ಅಷ್ಟೇನಾ? ಸೂರಿಲ್ಲ, ಗೋಡೆಯಿಲ್ಲ, ಬೆಳಕು ತಿರುಗಿ ಬರೋ ಜಾಗವೇ ಇಲ್ಲ. ಹುಡುಗರು ನನ್ನಿಂದ ಎರಡು ಮೀಟರ್, ಕಟೌಟು ಎಂಟು ಮೀಟರ್. ದೂರ ನಾಲ್ಕು ಪಟ್ಟಾದರೆ ಬೆಳಕು ಹದಿನಾರರಲ್ಲಿ ಒಂದು ಪಾಲಿಗೆ ಇಳೀತದೆ. ಮತ್ತೆ ಅದೇ ಹದಿನಾರು! ಒಂದೇ ಫ್ಲಾಶಿನಿಂದ ಹೊಡೆದರೆ ಹುಡುಗರ ಮುಖ ಸುಣ್ಣ, ಹಿಂದೆ ಅಪ್ಪು ಕತ್ತಲು. ಎಷ್ಟು ಲಕ್ಷದ ಫ್ಲಾಶ್ ತಂದರೂ ಈ ಲೆಕ್ಕ ಬದಲಾಗೋದಿಲ್ಲ. ಬೇಕಾದ್ದು ಎರಡನೇ ದೀಪ, ಕಟೌಟಿನ ಹತ್ತಿರ.

ಸ್ಟ್ಯಾಂಡು ನೆಟ್ಟು, ಬಿಳಿ ಕೊಡೆ ಬಿಚ್ಚಿ, ಅದಕ್ಕೆ ಫ್ಲಾಶ್ ಕಟ್ಟಿದೆ. ಗುಡ್ಡದ ಮೇಲೆ ಗಾಳಿಯಂತ್ರ ನೆಟ್ಟ ಊರು ಗಜೇಂದ್ರಗಡ. ಅಲ್ಲಿ ಕೊಡೆ ಬಿಚ್ಚಿದ ನಾನೆಂಥ ಜಾಣ! ಒಂದೇ ಬೀಸಿಗೆ ಕೊಡೆ, ಸ್ಟ್ಯಾಂಡು, ಫ್ಲಾಶು ಮೂರೂ ಮಣ್ಣಿಗೆ. ಪುಣ್ಯಕ್ಕೆ ಫ್ಲಾಶ್ ಉಳೀತು. ಒಬ್ಬ ಹುಡುಗ ಓಡಿಬಂದು ಎತ್ತಿದ. "ಬಿದಿರ ಗಳಕ್ಕ ಕಟ್ಟಿ ಕೊಡ್ರಿ ಅಣ್ಣಾ, ನಾ ಹಿಡೀತೀನಿ" ಅಂದ. ಗಳದ ತುದಿಗೆ ಫ್ಲಾಶ್ ಕಟ್ಟಿ, ಅವನನ್ನು ಚೌಕಟ್ಟಿನ ಹೊರಗೆ, ಕಟೌಟಿನ ಪಕ್ಕಕ್ಕೆ ನಿಲ್ಲಿಸಿದೆ. ಕ್ಯಾಮೆರಾ ಮೇಲಿನದು ಕಡಿಮೆ ಪವರ್, ಗಳದ ಮೇಲಿನದು ಹೆಚ್ಚು. ಹಾರ ಏರಿತು, ಜೈಕಾರ ಎದ್ದಿತು, ಒತ್ತಿದೆ. ಎರಡೂ ಕಡೆ ಒಟ್ಟಿಗೆ ಮಿಂಚು! ಅಪ್ಪು ನಗ್ತಿದ್ರು. ಕೆಳಗೆ ಹುಡುಗರು ಅಳ್ತಾ ಇದ್ರು.

ಗಳ ಇಳಿಸಿದ ಹುಡುಗ ಹತ್ತಿರ ಬಂದ. ಮೀಸೆ ಬಂದಿತ್ತು, ಆದರೂ ಗುರುತು ಸಿಕ್ಕಿತು. ನರಗುಂದದವನೇ. ಗಜೇಂದ್ರಗಡದಲ್ಲಿ ಕೆಲಸಕ್ಕಿದ್ದಾನಂತೆ.

"ಇವತ್ತು ಲೈಟ್ ಬಿತ್ತು ನೋಡ್ರಿ" ಅಂದ. ನಕ್ಕ. ಆಮೇಲೆ ಮೆಲ್ಲಗೆ, "ಅಪ್ಪಂದು ಆ ಫೋಟೋ ಸಿಕ್ತೇನ್ರಿ?"

ಕಪ್ಪು ಫ್ರೇಮು

ಅವತ್ತು ರಾತ್ರಿ ರೋಣಕ್ಕೆ ಬಂದವನು ಮಲಗಲಿಲ್ಲ. ಹಳೇ ಹಾರ್ಡ್ ಡಿಸ್ಕ್ ಹುಡುಕಿ ತೆಗೆದೆ. ಯಾರೋ ಹೇಳಿದ್ರು ಅಂತ ಆ ವರ್ಷ ಲಗ್ನಗಳನ್ನು ರಾ ಫೈಲಿನಲ್ಲಿ ತೆಗೀತಿದ್ದೆ. ಅದರಲ್ಲಿ ಸೆನ್ಸರ್ ಕಂಡದ್ದೆಲ್ಲ ಹಾಗೆಹಾಗೇ ಉಳಿದಿರ್ತದೆ. ಆಗ ನನಗೆ ಅದರ ಗುಟ್ಟು ಗೊತ್ತಿರಲಿಲ್ಲ, ಕಪ್ಪು ಅಂದರೆ ಕಪ್ಪು ಅಂತ ತಿಳಿದು ತೆರೆದೂ ನೋಡಿರಲಿಲ್ಲ. ಗೊತ್ತಾದ ಮೇಲೂ ನೋಡಲಿಲ್ಲ. ನಿಜ ಹೇಳ್ತೀನಿ, ನಾಚಿಕೆ.

ಕಂಪ್ಯೂಟರಿನಲ್ಲಿ ಬೆಳಕು ಏರಿಸುತ್ತಾ ಹೋದೆ. ಒಂದು ಸ್ಟಾಪ್, ಏನಿಲ್ಲ. ಎರಡು. ಮೂರನೆಯದಕ್ಕೆ ಬಿಳಿ ರುಮಾಲು ಮೇಲೆದ್ದಿತು. ನಾಲ್ಕನೆಯದಕ್ಕೆ ಎರಡು ಕೈ, ಮಗಳ ತಲೆ, ಬಾಸಿಂಗದ ಅಂಚು. ಮುಖದ ತುಂಬ ಹುರಿದ ರವೆ ಚೆಲ್ಲಿದಂಥ ಕಾಳು ಕಾಳು. ಬಣ್ಣ ಕೆಟ್ಟಿತ್ತು, ಕಪ್ಪು-ಬಿಳುಪು ಮಾಡಿದೆ. ದೊಡ್ಡದು ಬೇಡ ಅಂತ ಪೋಸ್ಟ್‌ಕಾರ್ಡ್ ಸೈಜಿಗೆ ಪ್ರಿಂಟ್ ಹಾಕಿಸಿದೆ.

ನರಗುಂದಕ್ಕೆ ಹೋಗಿ ಆ ತಾಯಿಯ ಕೈಗೆ ಕೊಟ್ಟು, ಇದ್ದದ್ದು ಇದ್ದ ಹಾಗೆ ಹೇಳಿದೆ. ಲೈಟ್ ಬಿದ್ದಿರಲಿಲ್ಲ, ನಿಮ್ಮ ಮಗನಿಗೆ ಸುಳ್ಳು ಹೇಳಿದ್ದೆ, ನಾಲ್ಕು ವರ್ಷ ಹುಡುಕಿರಲೇ ಇಲ್ಲ.

ಅವರು ನನ್ನ ಮಾತು ಕೇಳಿದರೋ ಇಲ್ಲವೋ ಗೊತ್ತಾಗಲಿಲ್ಲ. ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಫೋಟೋದ ಮೇಲೆ ಬೆರಳಿಟ್ಟು, ಒಳಗಿದ್ದ ಮಗಳನ್ನು ಕೂಗಿದರು.

"ಬಾ ಇಲ್ಲೆ. ಕೈ ನೋಡು, ಅವರದ."